ಬೈರಾಸಿನ ಅಡಿಯ ಕೈ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ, ಕರಿಕೋಟು ಹಾಕಿದ ವಕೀಲನೊಬ್ಬ ಹಾಡಹಗಲೇ ಬಂದರಿನಲ್ಲಿ ಇನ್ನೊಬ್ಬನ ಕೈ ಕಚ್ಚಿದ ಎಂದರೆ ಯಾರೂ ನಂಬಲಾರರು. ನಮ್ಮ ಮನೆತನದಲ್ಲಿ ಮಾತಿಗಿಂತ ಮೊದಲು ಬೆತ್ತ ಏಳುತ್ತಿತ್ತು. ಗೇಣಿ ಕೊಡಲು ತಡಮಾಡಿದ ಒಕ್ಕಲನ್ನು ಅಪ್ಪ ತೆಂಗಿನಮರಕ್ಕೆ ಕಟ್ಟಿಸಿ ಹೊಡೆಸಿದ್ದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಭೂಸುಧಾರಣೆಯಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದವು, ಬೆತ್ತ ಅಟ್ಟ ಸೇರಿತು, ಕೈಯ ತುರಿಕೆ ಮಾತ್ರ ಹೋಗಲಿಲ್ಲ. ಅದನ್ನು ನಾನು ಕೋರ್ಟಿಗೆ ತಂದೆ. ಪಾಟೀಸವಾಲಿನಲ್ಲಿ ಸಾಕ್ಷಿಯೊಬ್ಬನ ಬೆವರಿಳಿಸಿದ ದಿನ ಮಂಗಳೂರಿನ ಬೋಳಾರದ ಮನೆಯಲ್ಲಿ ನನಗೆ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಪಣಂಬೂರಿನಲ್ಲಿ ಹೊಸ ಬಂದರು ಆಗಿದ್ದರೂ ಕಾಳುಮೆಣಸಿನ ದೊಡ್ಡ ವ್ಯಾಪಾರವೆಲ್ಲ ಹಳೇ ಬಂದರಿನ ಗೋದಾಮುಗಳಲ್ಲೇ ಕುದುರುತ್ತಿತ್ತು. ಕೊಲ್ಲಿಯ ಕಡೆಯ ಸಾಹುಕಾರರು, ಬೊಂಬಾಯಿಯ ಅವರ ಏಜೆಂಟರು, ಅವರಿಗೂ ನಮ್ಮವರಿಗೂ ಬೀಳುವ ವ್ಯಾಜ್ಯಗಳು, ಇವೇ ನನ್ನ ಅನ್ನ. ಟೆಲೆಕ್ಸ್ ಕಾಗದಗಳು, ಹಡಗಿನ ರಸೀದಿಗಳು, ಎರಡು ದೇಶಗಳ ಕಾನೂನು ಎಲ್ಲ ನನ್ನ ಮೇಜಿನ ಮೇಲಿರುತ್ತಿದ್ದವು. ಆದರೆ ದರ ಗೊತ್ತಾಗುತ್ತಿದ್ದುದು ಒಂದು ಬೈರಾಸಿನ, ಹೆಗಲಿಗೆ ಹಾಕುವ ಟವೆಲಿನ, ಅಡಿಯಲ್ಲಿ.

ದಲಾಲಿ ತನ್ನ ಬಲಗೈಯ ಮೇಲೆ ಬೈರಾಸು ಹೊದೆಸಿಕೊಂಡು ಮಾರುವವನ ಮುಂದೆ ಚಾಚುತ್ತಾನೆ. ಮಾರುವವನು ಒಳಗೆ ಕೈ ಕೊಟ್ಟು ಬೆರಳು ಹಿಡಿದು ದರ ಹೇಳುತ್ತಾನೆ. ದಲಾಲಿ ಅದನ್ನು ಕೊಳ್ಳುವವನ ಕೈಗೆ ಒಯ್ಯುತ್ತಾನೆ. ಹೀಗೆ ಅತ್ತಿಂದಿತ್ತ ಓಡಾಡಿ ಕೊನೆಗೆ ಇಬ್ಬರೂ ದಲಾಲಿಯ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳು ಒತ್ತಿದರೆ ವ್ಯಾಪಾರ ಮುಗಿಯಿತು. ಒತ್ತದಿದ್ದರೆ ಅದು ಬರೀ ಮಾತು. ಬಾಯಿಂದ ಎಷ್ಟು ಸುಳ್ಳಾದರೂ ಹೇಳಬಹುದು, ಬೈರಾಸಿನ ಅಡಿಯಲ್ಲಿ ಹೇಳುವಂತಿಲ್ಲ. ಎಡಗೈ ಕೊಡುವಂತಿಲ್ಲ. ಅಲ್ಲಿ ಆದದ್ದನ್ನು ದಲಾಲಿ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹೇಳಿದವನಿಗೆ ಮರುದಿನದಿಂದ ಬಂದರಿನಲ್ಲಿ ಯಾರೂ ಕೈ ಕೊಡುವುದಿಲ್ಲ.

ನನ್ನ ಕಕ್ಷಿದಾರರು ನಮ್ಮದೇ ಕಡೆಯವರು, ದೂರದ ಸಂಬಂಧ. ಗದ್ದೆ ಹೋದ ಮೇಲೆ ಮೆಣಸಿಗೆ ಇಳಿದು, ಹೋಟೆಲೊಂದನ್ನೂ ಮಾಡಿ ಮೊದಲಿಗಿಂತ ದೊಡ್ಡವರಾಗಿದ್ದರು. ದುಬಾಯಿಯ ಸಾಹುಕಾರನೊಬ್ಬ ತನ್ನ ಬೊಂಬಾಯಿ ಏಜೆಂಟನ ಮೂಲಕ ತಮ್ಮಿಂದ ಮೆಣಸು ಕೊಂಡು, ದರ ಬಿದ್ದ ಮೇಲೆ ಮಾಲು ಎತ್ತದೆ ಕೈಕೊಟ್ಟ ಎಂಬುದು ಅವರ ದೂರು. ವ್ಯಾಪಾರ ಕುದುರಲೇ ಇಲ್ಲ ಎಂದು ಅವನ ವಾದ. ಪರದೇಶದವನನ್ನು ಮಂಗಳೂರಿನ ಕೋರ್ಟಿಗೆ ಎಳೆಯಬೇಕಾದರೆ ಒಪ್ಪಂದ ಆಯಿತೆಂದೂ, ಇಲ್ಲೇ ಆಯಿತೆಂದೂ ತೋರಿಸಬೇಕು. ಎರಡಕ್ಕೂ ಉತ್ತರ ಒಂದೇ: ಆ ದಿನ ಹೆಬ್ಬೆರಳುಗಳು ಬಿದ್ದವೇ? ಅದು ಗೊತ್ತಿದ್ದ ಮೂರನೆಯವರು ದಲಾಲಿಯೊಬ್ಬರೇ.

"ಅವ ಯಾಕೆ, ಬಿಡಿ," ಎಂದರು ಕಕ್ಷಿದಾರರು. "ನಾನು ಹೇಳ್ತೇನಲ್ಲ, ಸಾಲದಾ?"

ಬಂದರಿನ ಕಟ್ಟಳೆಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ. ಸಾಲದು ಎಂದೆ.

ದಲಾಲಿ ಬ್ಯಾರಿ ಮುಸಲ್ಮಾನರು, ನನಗಿಂತ ಹಿರಿಯರು, ತೆಳ್ಳಗಿನ ಮನುಷ್ಯ. ಹೆಣ್ಣುಮಕ್ಕಳ ಮದುವೆಗಳೆಲ್ಲ ಆ ಬಲಗೈಯಿಂದಲೇ ಆದದ್ದು ಎಂದು ಅವರೇ ಹೇಳುತ್ತಿದ್ದರು. ಆಫೀಸಿಗೆ ಕರೆಸಿ ಸಾಕ್ಷಿಗೆ ಬನ್ನಿ ಎಂದಾಗ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಎದ್ದುಬಿಟ್ಟರು.

"ಬೈರಾಸಿನ ಅಡಿದು ಬಾಯಿಗೆ ಬರುವುದಿಲ್ಲ ವಕೀಲರೇ. ಬಂದರೆ ನನ್ನ ಅನ್ನ ಹೋಗ್ತದೆ."

"ಸಮನ್ಸ್ ಕಳಿಸ್ತೇನೆ. ಬಾರದಿದ್ದರೆ ಪೊಲೀಸರು ಹಿಡಿದು ತರ್ತಾರೆ."

"ಬರ್ತೇನೆ. ಸುಳ್ಳು ಹೇಳುವುದಿಲ್ಲ. ನಿಜವನ್ನೂ ಹೇಳುವುದಿಲ್ಲ."

ನಾನು ಮೇಜು ಗುದ್ದಿ ಬೈದೆ. ಅವರು ಬೈಗುಳವನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಸಲಾಂ ಹೇಳಿ ಹೋದರು.

ಅವರ ಸಾಕ್ಷಿಗೆ ಕೆಲವು ದಿನ ಇರುವಾಗ, ಇನ್ನೊಮ್ಮೆ ಒಪ್ಪಿಸಿ ನೋಡೋಣವೆಂದು ಬಂದರಿಗೆ ಹೋದೆ. ಮಧ್ಯಾಹ್ನದ ಬಿಸಿಲು. ಗೋದಾಮಿನ ಓಣಿಗೆ ತಿರುಗಿದರೆ ಒಬ್ಬರ ತಲೆಗೆ ಗೋಣಿಚೀಲ ಮುಚ್ಚಿ ಇಬ್ಬರು ಒತ್ತಿ ಹಿಡಿದಿದ್ದರು. ಚಾಚಿದ ಬಲಗೈ ಚೀಲ ತೂಗುವ ತಕ್ಕಡಿಯ ಹಲಗೆಯ ಮೇಲಿತ್ತು. ಬೈರಾಸು ನೆಲದ ಮೇಲೆ ಬಿದ್ದಿತ್ತು. ಅದನ್ನು ಕಂಡು ಅವರು ಯಾರೆಂದು ನನಗೆ ಗೊತ್ತಾಯಿತು.

"ಯಾವ ಬೆರಳು ಮಾತಾಡುವುದು?" ಎಂದು ಒಬ್ಬ ತುಳುವಿನಲ್ಲಿ ಕೇಳಿದ. ಕೇಳಿ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಹಾಕಿದ. ಮತ್ತೆ ಎತ್ತಿದ, ಮತ್ತೆ ಹಾಕಿದ. ಆ ಶಬ್ದ ಹಸಿ ತೆಂಗಿನಕಾಯಿ ಒಡೆದ ಹಾಗಿತ್ತು. ಗೋಣಿಯೊಳಗಿನಿಂದ ಬಂದ ಕೂಗು ಮನುಷ್ಯನದೆಂದು ಅನ್ನಿಸುತ್ತಿರಲಿಲ್ಲ. ಓಣಿಯ ಎರಡೂ ಕಡೆ ಹಮಾಲರು, ಗುಮಾಸ್ತರು, ವ್ಯಾಪಾರಿಗಳು ನಿಂತಿದ್ದರು. ಯಾರೂ ಕಾಲು ಕದಲಿಸಲಿಲ್ಲ.

ನಾನು ಕೊಡೆಯಿಂದ ಹೊಡೆದೆ. ಕೊಡೆ ಮುರಿಯಿತು. ಕಲ್ಲು ಹಿಡಿದವನು ನನ್ನ ಮುಖಕ್ಕೆ ಗುದ್ದಿದ, ಬಾಯಿಯಲ್ಲಿ ರಕ್ತದ ರುಚಿ ಬಂತು. ಕೆಳಗೆ ಬಿದ್ದ ನಾನು ಅವನ ಮುಂಗೈಯನ್ನು ಬಾಚಿ ಕಚ್ಚಿದೆ. ಹಲ್ಲಿಗೆ ಎಲುಬು ತಾಗುವವರೆಗೆ ಕಚ್ಚಿದೆ. ಅವನು ಬೊಬ್ಬೆ ಹೊಡೆದ. ಸುಳ್ಳು ಯಾಕೆ ಹೇಳಲಿ, ನನಗೆ ಸುಖವಾಯಿತು. ಇನ್ನೊಬ್ಬ ಪಕ್ಕೆಗೆ ಒದ್ದಮೇಲೆಯೇ ನಾನು ಬಿಟ್ಟದ್ದು. ಇಬ್ಬರೂ ಓಡಿದರು. ಗೋಣಿ ತೆಗೆದಾಗ ದಲಾಲಿಯವರ ಕಣ್ಣು ತೆರೆದೇ ಇತ್ತು. ಬೆರಳುಗಳು ಬೆರಳುಗಳಾಗಿ ಉಳಿದಿರಲಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು ಬಿತ್ತು. ಪೊಲೀಸರು ಬಂದು ಕೇಳಿದರೆ ಅವರು, "ಗೋಣಿ ಇತ್ತು, ಮುಖ ಕಾಣಲಿಲ್ಲ" ಎಂದರು. ಓಣಿಯಲ್ಲಿದ್ದವರಿಗೆ ಗೋಣಿ ಇರಲಿಲ್ಲ, ಆದರೆ ಅವರಿಗೂ ಏನೂ ಕಂಡಿರಲಿಲ್ಲವಂತೆ. ಹೊಡೆದವರು ನನಗೆ ಗುರುತಿಲ್ಲದವರು, ಕಂಡಷ್ಟನ್ನು ಪೊಲೀಸರಿಗೆ ನಾನು ಹೇಳಿದೆ. ಇದು ದುಬಾಯಿ ಸಾಹುಕಾರನ ಕಡೆಯವರ ಕೆಲಸ ಎಂದು ಊರೆಲ್ಲ ಮಾತಾಡಿತು. ನನಗೂ ಅನುಮಾನವೇ ಇರಲಿಲ್ಲ. ಕಕ್ಷಿದಾರರು ಕಿತ್ತಳೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದಿದ್ದರು.

ದಲಾಲಿ ಇನ್ನೂ ಹಾಸಿಗೆಯಲ್ಲಿದ್ದುದರಿಂದ ನ್ಯಾಯಾಧೀಶರು ಸಾಹುಕಾರನ ಏಜೆಂಟನ ಸಾಕ್ಷಿಯನ್ನೇ ಮೊದಲು ತೆಗೆದುಕೊಂಡರು. ಅವನು ತನ್ನ ಬೊಂಬಾಯಿ ವಕೀಲರೊಂದಿಗೆ ಬಜಪೆಯಲ್ಲಿ ವಿಮಾನ ಇಳಿದು ಬಂದಿದ್ದ, ಮೆತ್ತಗಿನ ಮನುಷ್ಯ. ನಾನು ಅವನನ್ನು ಹರಿದು ಹಾಕಿದೆ. ಟೆಲೆಕ್ಸಿನ ಒಂದೊಂದು ಪದವನ್ನೂ ಎತ್ತಿ ಮುಖಕ್ಕೆ ಹೊಡೆದೆ. ಕೊನೆಗೆ ಅವನು ಕಟಕಟೆಯ ಪಟ್ಟಿ ಹಿಡಿದು, "ನಾನು ಯಾರಿಗೂ ಹೊಡೆಸಿಲ್ಲ" ಎಂದು ಹಿಂದಿಯಲ್ಲಿ ಅತ್ತ. ಅತ್ತದ್ದು ನಾಟಕವೆಂದು ನಾನು ಹಲ್ಲು ಕಡಿದೆ.

ದಲಾಲಿಯವರ ದಿನ ಕೊಡಿಯಾಲಬೈಲಿನ ಆ ಕೋರ್ಟು ಕೋಣೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಬಂದರು ಬಾಗಿಲು ಹಾಕಿ ಬಂದಿತ್ತು. ಅವರು ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು ಕಟಕಟೆ ಹತ್ತಿದರು.

"ಆ ದಿನ ಹೆಬ್ಬೆರಳು ಬಿತ್ತಾ?" ಎಂದೆ.

ನ್ಯಾಯಾಧೀಶರು ಎಚ್ಚರಿಸಿದರು. ಉತ್ತರ ಕೊಡದಿದ್ದರೆ ಜೈಲಿಗೆ ಕಳಿಸಬೇಕಾಗುತ್ತದೆ ಎಂದರು. ದಲಾಲಿ ಹೆಗಲ ಬೈರಾಸನ್ನು ಎಡಗೈಯಿಂದ ಎಳೆದು, ಪ್ಲಾಸ್ಟರಿನ ಹೊರಗೆ ಕಾಣುತ್ತಿದ್ದ ನೀಲಿ ಬೆರಳುಗಳ ಮೇಲೆ ಹೊದೆಸಿ, ಕೈ ಮುಂದೆ ಚಾಚಿದರು.

"ಬಾಯಿಂದ ನಾನು ಹೇಳುವುದಿಲ್ಲ ಸ್ವಾಮಿ. ಮಾರಿದವರು ಇಲ್ಲೇ ಉಂಟು. ಅವತ್ತು ಹೆಬ್ಬೆರಳು ಒತ್ತಿ ಆಗಿದ್ದರೆ ಇವತ್ತೂ ಬಂದು ಒತ್ತಲಿ. ಈ ಕೈಯ ಮೇಲೆಯೇ ಒತ್ತಲಿ."

ಬೊಂಬಾಯಿಯ ವಕೀಲರು ಆಕ್ಷೇಪಿಸಲು ಎದ್ದರು. ಏಜೆಂಟ ಅವರ ಕೋಟು ಹಿಡಿದು ಕೂರಿಸಿದ. ನಾನು ತಿರುಗಿ ಕಕ್ಷಿದಾರರನ್ನು ನೋಡಿದೆ.

"ಹೋಗಿ," ಎಂದೆ ತುಳುವಿನಲ್ಲಿ.

"ಅವನ ಆಟಕ್ಕೆ ನಾನು ಯಾಕೆ ಕುಣಿಯಬೇಕು?"

"ಹೋಗಿ ಒತ್ತಿ ಮಾರಾಯ್ರೆ. ಕೇಸು ಗೆದ್ದ ಹಾಗೆ."

ಅವರು ಏಳಲಿಲ್ಲ. ಬಲಗೈಯನ್ನು ಜುಬ್ಬಾದ ಕಿಸೆಯೊಳಗೆ ಹಾಕಿಕೊಂಡರು. ಬಂದರಿನವರೆಲ್ಲ ಆ ಕಿಸೆಯನ್ನೇ ನೋಡುತ್ತಿದ್ದರು. ದಲಾಲಿ ಚಾಚಿದ ಕೈಯನ್ನು ಇಳಿಸಲಿಲ್ಲ. ಆಗ ನನಗೆ ಕಕ್ಷಿದಾರರ ಬೆನ್ನಹಿಂದೆ ಅವರ ಚೀಲ ಹಿಡಿದು ನಿಂತವನು ಕಂಡ. ಅವನ ಮುಂಗೈಗೆ ಬಟ್ಟೆ ಸುತ್ತಿತ್ತು.

ನಾನು ಬೆಂಚು ದಾಟಿ ಹೋದದ್ದು ನೆನಪಿಲ್ಲ. ಬಟ್ಟೆ ಕಿತ್ತದ್ದು ನೆನಪಿದೆ. ಕೀವು ತುಂಬಿದ ಹಲ್ಲಿನ ಗುರುತು, ಎರಡು ಸಾಲು. ಅವನು ನನ್ನ ಕೆನ್ನೆಗೆ ಬಾರಿಸಿದ, ನಾನು ಅವನ ಕುತ್ತಿಗೆ ಹಿಡಿದೆ, ಪೇದೆಗಳು ಇಬ್ಬರ ಮೇಲೂ ಬಿದ್ದರು. ನನ್ನ ಕರಿಕೋಟಿನ ತೋಳು ಹರಿಯಿತು. ಈ ಗಲಾಟೆಯ ನಡುವೆ ಕಕ್ಷಿದಾರರು ಕಿಸೆಯಿಂದ ಕೈ ತೆಗೆಯದೆಯೇ ಹೊರಗೆ ನಡೆದರು.

ವಕಾಲತ್ತನ್ನು ನಾನು ಅಂದೇ ಬಿಟ್ಟೆ. ದಾವೆ ವಜಾ ಆಯಿತು. ಕೋರ್ಟಿನಲ್ಲಿ ಹಾಗೆ ನಡೆದುಕೊಂಡದ್ದಕ್ಕೆ ನ್ಯಾಯಾಧೀಶರಿಂದ ಛೀಮಾರಿಯೂ ಆಯಿತು. ಆಮೇಲೆ ಉಳಿದದ್ದು ಪೊಲೀಸು ಕೇಸು. ಅದಕ್ಕೆ ಮುಖ ನೋಡಿದ ಸಾಕ್ಷಿ ಬೇಕಿತ್ತು. ಓಣಿಯಲ್ಲಿದ್ದವರಲ್ಲಿ ನಾನೊಬ್ಬನ ಹೊರತು ಯಾರೂ ಮುಂದೆ ಬರಲಿಲ್ಲ.

ಕಕ್ಷಿದಾರರು ಒಂದು ಬೆಳಿಗ್ಗೆ ಬೋಳಾರಕ್ಕೆ ಬಂದು, ಅಪ್ಪನ ಫೋಟೋದ ಕೆಳಗೆ ಕುಳಿತು ಕಾಫಿ ಕುಡಿದರು.

"ನಮ್ಮವನೇ ನಮ್ಮವರ ಮೇಲೆ ಸಾಕ್ಷಿ ಹೇಳುವುದುಂಟಾ? ನಿನ್ನ ಅಪ್ಪ ಮಾಡದ್ದು ನಾನು ಎಂತ ಮಾಡಿದೆ?"

ಆ ಮಾತು ನನಗೆ ತಾಗಿತು, ಯಾಕೆಂದರೆ ಅದು ಸುಳ್ಳಲ್ಲ. ಕಿಟಕಿಯಲ್ಲಿ ನಿಂತು ನೋಡಿದವನು ಅಂದು ಎಂತ ಮಾಡಿದ್ದ? ಮನೆಯಿಂದ ಎದ್ದು ಹೋಗಿ ಎಂದೆ. ಆ ವಾರವೇ ನನ್ನ ಆಫೀಸಿನ ಕಿಟಕಿಗಳಿಗೆಲ್ಲ ಕಲ್ಲು ಬಿತ್ತು.

ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ ನಾನು ಸಾಕ್ಷಿಯಾಗಿ ಕಟಕಟೆ ಹತ್ತಿದೆ. ಅಲ್ಲಿಂದ ಕೋರ್ಟು ಬೇರೆ ತರಹ ಕಾಣುತ್ತದೆ. ಆರೋಪಿಯ ವಕೀಲ ನನ್ನದೇ ದನಿಯಲ್ಲಿ, ನಾನು ಇತರರಿಗೆ ಹೊಡೆಯುತ್ತಿದ್ದ ಹಾಗೆಯೇ ಹೊಡೆದ. ಗಲಾಟೆಯಲ್ಲಿ ನೋಡಿದ ಮುಖ ಗುರುತಿಟ್ಟುಕೊಂಡದ್ದು ಹೇಗೆ ಎಂದು ಕೇಳಿದ.

"ಮುಖ ಬಿಡಿ," ಎಂದೆ. "ಕಚ್ಚಿದ್ದು ನಾನು."

ಕೋರ್ಟು ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ದಲಾಲಿ ನಗಲಿಲ್ಲ. ಕಚ್ಚಿಸಿಕೊಂಡವನು ಜೈಲಿಗೆ ಹೋದ. ಹೋಗುವಾಗಲೂ ಕಳಿಸಿದವರ ಹೆಸರು ಹೇಳಲಿಲ್ಲ. ನನ್ನ ಕಕ್ಷಿದಾರರು ಇನ್ನೊಂದು ಹೋಟೆಲು ಕಟ್ಟಿದರು. ಬಂದರಿನ ಕೇಸುಗಳು ನನ್ನ ಮೆಟ್ಟಿಲು ಹತ್ತುವುದು ನಿಂತಿತು. ಕಂಡದ್ದನ್ನು ಬಾಯಿಬಿಟ್ಟು ಹೇಳುವ ವಕೀಲ ಯಾರಿಗೆ ಬೇಕು?

ತೀರ್ಪಿನ ದಿನ ವರಾಂಡದಲ್ಲಿ ಮಳೆ ಬಿಡುವುದನ್ನು ಕಾಯುತ್ತ ನಿಂತಿದ್ದೆ. ದಲಾಲಿ ಹತ್ತಿರ ಬಂದರು. ಆ ಬಲಗೈ ಒಣಗಿ ಮುದುಡಿತ್ತು, ಎಡಗೈಯನ್ನು ಬಂದರಿನಲ್ಲಿ ಯಾರೂ ಹಿಡಿಯುವುದಿಲ್ಲ. ಅಳಿಯನ ಅಂಗಡಿಯಲ್ಲಿ ಕೂರುತ್ತಿದ್ದರು. ಅವರು ಆ ಬಲಗೈಯ ಮೇಲೆ ಬೈರಾಸು ಹೊದೆಸಿ ನನ್ನ ಮುಂದೆ ಚಾಚಿದರು.

ನಾನು ಒಳಗೆ ಕೈ ಕೊಟ್ಟೆ. ಅವರು ಹೆಬ್ಬೆರಳು ಒತ್ತಲು ನೋಡಿದರು, ಅದು ಏಳಲಿಲ್ಲ. ನಾನೇ ಒತ್ತಿದೆ. ನೋವಾಗಿರಬೇಕು, ಆದರೆ ಅವರು ಕೈ ತೆಗೆಯಲಿಲ್ಲ.