ಟೇಪಿನ ಆ ತುದಿ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಳತೆ ಪುಸ್ತಕದಲ್ಲಿ ಆ ದಿನದ ಕೊನೆಯ ಸಾಲಿನ ಪಕ್ಕ ನನ್ನದೇ ಕೈಬರಹದಲ್ಲಿ ಈ ಸಮಯವಿದೆ. ಅಲ್ಲಿಯವರೆಗೆ ಇಂಥ ಅನುಭವ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಗರ ವಿನ್ಯಾಸ ಓದುತ್ತಿದ್ದ ಕೊನೆಯ ವರ್ಷ. ನಿಪ್ಪಾಣಿಯಲ್ಲಿ ಮುಚ್ಚಿಹೋಗಿದ್ದ ಒಂದು ತಂಬಾಕಿನ ವಖಾರಿಯನ್ನು ಸಂತೆಕಟ್ಟೆಯಾಗಿ, ಅದರ ಹಿತ್ತಲನ್ನು ಮಕ್ಕಳ ಆಟದ ಜಾಗವಾಗಿ ಬದಲಿಸುವುದು ನನ್ನ ಯೋಜನೆ. ಅಳೆಯಲು ಜೊತೆಗೆ ಬಂದವಳು ಸಹಪಾಠಿ ಸಲ್ಮಾ, ಅದೇ ಊರಿನವಳು. ಹಳೆಯ ನಕ್ಷೆಯಲ್ಲಿ ಹಿತ್ತಲ ಮೂಲೆಗೆ ಒಂದು ಸಣ್ಣ ವೃತ್ತವಿತ್ತು. ನಾವು ಮರವನ್ನು ವೃತ್ತವಾಗಿಯೇ ಬರೆಯುವುದು. ದೂರದಿಂದ ನೋಡಿದರೆ ಅಲ್ಲಿ ಆಳೆತ್ತರದ ಕಳೆ ಬಿಟ್ಟು ಬೇರೇನೂ ಕಾಣಲಿಲ್ಲ. ಮರ ಕಡಿದಿರಬೇಕೆಂದು ಬರೆದುಕೊಂಡು, ಅಲ್ಲೇ ಜೋಕಾಲಿಯ ಗುರುತು ಹಾಕಿದೆ.

ಟೇಪಿನ ಸೊನ್ನೆಯ ತುದಿ ಹಿಡಿದು ಸಲ್ಮಾ ಗೋಡೆಗುಂಟ ಕಳೆಯೊಳಗೆ ಹೋದಳು. ಸುರುಳಿ ನನ್ನ ಕೈಯಲ್ಲಿ. ಎರಡು ಸಲ ಜಗ್ಗಿದರೆ ತುದಿ ಸರಿಯಾಗಿದೆ ಎಂದು ನಮ್ಮ ಸಂಕೇತ. ನಕ್ಷೆಯಲ್ಲಿ ತಲೆ ಹುದುಗಿಸಿ ಬಹಳ ಹೊತ್ತು ಕಾದೆ. ಎರಡು ಸಲ ಜಗ್ಗಿತು. ಅಳತೆಯನ್ನೂ ಸಮಯವನ್ನೂ ಬರೆದೆ. ಆಮೇಲೆ ಟೇಪು ಮೆಲ್ಲಗೆ ನನ್ನನ್ನು ಎಳೆಯತೊಡಗಿತು. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು, "ಸಾಕ ಬಿಡಲೇ!" ಎನ್ನುತ್ತ ಕಳೆ ಸರಿಸಿ ಮುಂದೆ ನಡೆದೆ.

"ಯಾರ ಜೋಡಿ ಮಾತಾಡಾಕತ್ತೀಲೇ?"

ಸಲ್ಮಾಳ ದನಿ ನನ್ನ ಬೆನ್ನ ಹಿಂದಿನಿಂದ ಬಂತು. ಗೇಟಿನ ಬಳಿ ಎರಡು ಕಪ್ ಚಹಾ ಹಿಡಿದು ನಿಂತಿದ್ದಳು.

"ನೀ ತುದಿ ಹಿಡದಿಲ್ಲಾ?"

"ಕಲ್ಲಿನ ಕೆಳಗ ಇಟ್ಟ ಬಂದು ಹತ್ತು ಮಿನಿಟ್ ಆತು. ಕೂಗಿ ಹೇಳಿದ್ನಲ್ಲಾ, ಕಿವುಡಿ!"

ಆಗ ನನ್ನ ಅಂಗೈಯಲ್ಲಿ ಮತ್ತೆ ಎರಡು ಸಲ ಜಗ್ಗಿತು.

ಸುರುಳಿ ಬಿಟ್ಟುಬಿಟ್ಟೆ. ಅದು ಕಳೆಯೊಳಗೆ ಸರಸರನೆ ಹೋಯಿತು. ತಗಡಿನ ಸದ್ದಾಯಿತು. ಬಹಳ ಹೊತ್ತಿನ ಮೇಲೆ, ಎಲ್ಲೋ ಆಳದಲ್ಲಿ, ನೀರು. ಕೆಳಗೆ ನೋಡಿದರೆ ನನ್ನ ಬಲಗಾಲು ತುಕ್ಕು ಹಿಡಿದ ತಗಡಿನ ಅಂಚಿನ ಮೇಲಿತ್ತು.

ಸದ್ದು ಕೇಳಿ ವಖಾರಿ ಕಾಯುವ ಮುದುಕ ಓಡಿಬಂದ. "ಅದು ಬಾವಿ ಐತ್ರಿ ಅಕ್ಕಾರ! ತಗಡ ಮುಚ್ಚಿ ಭಾಳ ವರ್ಷ ಆತು. ನಿಮ್ಮ ನಕಾಶಿದಾಗ ಇಲ್ಲೇನ್ರಿ?"

ಇತ್ತು. ನಾನೇ ಮರವೆಂದು ಓದಿದ್ದೆ.

ಕಲ್ಲು ಬಾವಿಗೆ ಜಾರಿ ಟೇಪನ್ನು ಎಳೆದಿರಬೇಕು ಎನ್ನುತ್ತಾಳೆ ಸಲ್ಮಾ. ಇರಬಹುದು. ಆದರೆ ಕಲ್ಲು ಎರಡು ಸಲ ಜಗ್ಗಿ ನಿಲ್ಲುತ್ತದೆಯೇ? ಅಂದಿನಿಂದ ಅವಳು ಸೊನ್ನೆಯ ತುದಿ ಹಿಡಿದಿಲ್ಲ.

ಜೋಕಾಲಿಯನ್ನು ನಕ್ಷೆಯಿಂದ ಅಳಿಸಿದೆ. ಆದರೂ ಪ್ರತಿ ರಾತ್ರಿ ಕಣ್ಣು ಹತ್ತುವಷ್ಟರಲ್ಲಿ ಅಂಗೈ ಜಗ್ಗಿದಂತಾಗಿ ಎದ್ದು ಕೂರುತ್ತಿದ್ದೆ. ಆ ಹಿತ್ತಲಿಗೆ ಕ್ರಿಕೆಟ್ ಚೆಂಡು ಹುಡುಕಲು ಮಕ್ಕಳು ನುಗ್ಗುವುದನ್ನು ಕಂಡಿದ್ದೆ. ವಖಾರಿಯ ಮಾಲೀಕರ ಮನೆಗೆ ನಾಲ್ಕು ಸಲ ಅಲೆದೆ. ಕೊನೆಗೊಂದು ಮಂಗಳವಾರ ಬಾವಿಗೆ ಕಾಂಕ್ರೀಟ್ ಹಾಸು ಹಾಕಿಸಿದರು. ಹಾಕುವ ಮುಂಚೆ ಗಾರೆ ಕೆಲಸದ ಗೌಂಡಿ, "ಟೇಪ್ ತಗೀಲೇನ್ರಿ? ಕೊಕ್ಕಿ ಐತಿ," ಎಂದ.

ಬೇಡ ಎಂದೆ.

ಆ ಮಂಗಳವಾರ ರಾತ್ರಿ, ಬೆಳಗಾಗುವವರೆಗೆ ನಿದ್ದೆ ಮಾಡಿದೆ.