ಕಂಪ್ಯೂಟರಿಗೆ ಹಿಂಬಡ್ತಿ

ನಮ್ಮ ಮನೆಯ ಹಳೆಯ ಕಂಪ್ಯೂಟರು ತೀರಿಕೊಂಡದ್ದು ಪೂಜೆ ಮಾಡಿಸಿಕೊಳ್ಳುವಾಗ. ಇಂಥ ಪುಣ್ಯದ ಮರಣ ಮನುಷ್ಯರಿಗೂ ಅಪರೂಪ.

ಖಂಡೇನವಮಿಯ ದಿನ ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಕತ್ತರಿ, ಈಳಿಗೆ, ಮಿಕ್ಸರು, ಸ್ಕೂಟರಿನ ಕೀಲಿ ಎಲ್ಲಕ್ಕೂ ಕುಂಕುಮವಿಟ್ಟು ಪೂಜಿಸುತ್ತೇವೆ. ಹುಬ್ಬಳ್ಳಿ ಬಿಟ್ಟು ಬಂದರೂ ಬಿಡದ ಪದ್ಧತಿ. ಪೂಜೆಯ ಹೊತ್ತಿಗೆ ಕಂಪ್ಯೂಟರಿನ ಮುಖ ಕತ್ತಲಾಗಿರಬಾರದೆಂದು ಅದನ್ನು ಚಾಲೂ ಇಟ್ಟವಳು ನನ್ನ ಹೆಂಡತಿ ವಿಮಲಾ. ಅದರ ಮುಂದೆಯೇ ಕಾಯಿ ಒಡೆದವನು ನಾನು. ತಪ್ಪು ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ಕಾಯಿಯ ನೀರು ಕಂಪ್ಯೂಟರಿನ ಡಬ್ಬಿಯ ಕಿಂಡಿಯೊಳಗೆ ಹಾರಿತು, ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಈಗಲೂ ಕಾಯಿ ಒಡೆಯುವ ಮೊದಲು ಮನೆಯ ಮೇನ್ ಸ್ವಿಚ್ ಆರಿಸುತ್ತೇನೆ.

ವಿಮಲಾ ಆರತಿ ತಟ್ಟೆ ಕೆಳಗಿಟ್ಟು ಒಂದೇ ಮಾತು ಹೇಳಿದಳು: "ನಮ್ಮವ್ವನ ಸೀರಿ ಅದರಾಗ ಇತ್ತಲ್ರೀ."

ಸೀರೆ ಕಂಪ್ಯೂಟರಿನೊಳಗೆ ಹೋದದ್ದು ಹೀಗೆ. ಅವಳ ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ತುಂಬ ಕಸೂತಿ ಇತ್ತು: ಗೋಪುರ, ತುಳಸಿಕಟ್ಟೆ, ಆನೆ. ಮುಟ್ಟಿದರೆ ಹರಿಯುವಷ್ಟು ಜೀರ್ಣವಾದಾಗ ವಿಮಲಾ ಭೂತಗನ್ನಡಿ ಹಿಡಿದು ಎಳೆಗಳನ್ನು ಎಣಿಸಿ, ಚೌಕುಳಿ ತುಂಬಿ ಚಿತ್ರ ಬಿಡಿಸುವ ಒಂದು ಪ್ರೋಗ್ರಾಮಿನಲ್ಲಿ ಅದನ್ನು ಇಳಿಸಿಕೊಂಡಳು. ಆಮೇಲೆ ಸೀರೆ ಉಳಿಯಲಿಲ್ಲ. ಕಂಪ್ಯೂಟರು ಕೆಟ್ಟ ವರ್ಷವೇ, ದೀಪಾವಳಿ ಕಳೆದ ಮೇಲೆ, ಮಗಳು ಗಂಗಾಳ ಕುಬಸವಿತ್ತು. ಬಸುರಿ ಮಗಳಿಗೆ ತವರಿನವರು ಉಡಿಸುವ ಹಸಿರು ಸೀರೆಯ ಸೆರಗಿಗೆ ಅಜ್ಜಿಯ ಗೋಪುರವನ್ನೇ ಹಾಕಬೇಕೆಂಬುದು ವಿಮಲಾಳ ಆಸೆ.

ಕೋಠಿಯ ಓಣಿಯೊಂದರಲ್ಲಿ ಹಳೆಯ ಕಂಪ್ಯೂಟರು ಮಾರುವ ಖಾಜಾಭಾಯಿ ನಮ್ಮ ಡಬ್ಬಿ ಬಿಚ್ಚಿ ನೋಡಿ, ಹಾರ್ಡ್‌ಡಿಸ್ಕ್ ಒಂದು ಬದುಕಿದೆ ಎಂದರು. ಅವರಲ್ಲೇ ಇನ್ನೊಂದು ಬಳಸಿದ ಕಂಪ್ಯೂಟರು ಕೊಂಡು, ಹಾರ್ಡ್‌ಡಿಸ್ಕನ್ನು ಅದಕ್ಕೆ ಹಾಕಿಸಿಕೊಂಡು ಬಂದೆವು. ದೇಹ ಹಳೆಯದು, ಆದರೆ ಒಳಗೆ ಹೊಸ ವಿಂಡೋಸ್. ಚಿತ್ರದ ಫೈಲು ಕಣ್ಣಿಗೆ ಕಾಣುತ್ತಿತ್ತು, ತೆರೆಯುತ್ತಿರಲಿಲ್ಲ. ಆ ಪ್ರೋಗ್ರಾಮು ಹೊಸ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ. ಮಾಡಿದವರು ಎಂದೋ ಅಂಗಡಿ ಮುಚ್ಚಿದ್ದಾರೆ. ಮತ್ತೆ ಕೋಠಿಗೆ ಹೊತ್ತುಕೊಂಡು ಹೋಗಿ, ಇದಕ್ಕೆ ಹಳೆಯ ವಿಂಡೋಸ್ ಹಾಕಿಕೊಡಿ ಎಂದೆ.

ಖಾಜಾಭಾಯಿ ಪಕ್ಕದ ಅಂಗಡಿಗೂ ಕೇಳುವಂತೆ ನಕ್ಕರು. "ಸಾಬ್, ಸಾರೀ ದುನಿಯಾ ಆಗೇ ಜಾರೀ, ಆಪ್ ಪೀಛೇ ಜಾತೂಂ ಬೋಲ್‌ರೇ!" ಲೋಕವೆಲ್ಲ ಮುಂದೆ ಹೋಗುವಾಗ ನಾನೊಬ್ಬ ಹಿಂದೆ ಹೋಗುತ್ತೇನೆನ್ನುತ್ತಿದ್ದೇನಂತೆ. ನಾನೂ ಪೆಚ್ಚಾಗಿ ನಕ್ಕೆ. ವಿಮಲಾ ಮಾತ್ರ ತನ್ನ ಹುಬ್ಬಳ್ಳಿಯ ಹಿಂದಿಯಲ್ಲಿ ಹೇಳಿದಳು: "ಪೀಛೇ ಮೇರಿ ಮಾಂ ಹೈ, ಭಾಯ್." ಹಿಂದೆ ನನ್ನ ಅವ್ವ ಇದ್ದಾಳೆ.

ಅವರು ನಗು ನಿಲ್ಲಿಸಿ, ಸ್ಟೂಲು ಒರೆಸಿ ಅವಳಿಗೆ ಕೊಟ್ಟರು. ಹಳೆಯ ಸಿಡಿ ಹುಡುಕಿ ತೆಗೆದರು. ಮೊದಲು ಫೈಲನ್ನೂ ಪ್ರೋಗ್ರಾಮನ್ನೂ ಬೇರೆ ಕಡೆ ನಕಲು ಮಾಡಿಟ್ಟು, ಆಮೇಲೆ ಹೊಸದನ್ನೆಲ್ಲ ಅಳಿಸಿ, ಹಳೆಯ ವಿಂಡೋಸ್ ಹಾಕಿ, ಅವೆರಡನ್ನೂ ವಾಪಸಿಟ್ಟರು. "ಇಸ್‌ಕು ಇಂಟರ್ನೆಟ್ ನಕ್ಕೋ ಅಮ್ಮಾ," ಎಂದು ಎಚ್ಚರಿಸಿದರು. ಇದಕ್ಕೆ ಇಂಟರ್ನೆಟ್ ಬೇಡವಂತೆ; ಹಳೆಯ ಜೀವ, ಹೊರಗಿನ ರೋಗ ತಡೆಯದು.

ಕಂಪ್ಯೂಟರು ಮುಂದೆ ಹೋಗಲು, ಅಪ್‌ಡೇಟ್ ಮಾಡಿ ಎಂದು ದಿನವೂ ತಾನೇ ಗೋಗರೆಯುತ್ತದೆ. ಹಿಂದೆ ಹೋಗುತ್ತೇನೆಂದರೆ ಮಾತ್ರ ಎಲ್ಲ ಅಳಿಸಿಹೋದೀತೆಂದು ಹೆದರಿಸುತ್ತದೆ. ಆದರೆ ಕಸೂತಿಯ ಗವಂತಿ ಹೊಲಿಗೆಯನ್ನು ನೋಡಿ. ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತದೆ. ಅಲ್ಲಿಗೆ ಆಗುವುದು ಅರ್ಧ ಗೆರೆ ಮಾತ್ರ. ಬಂದ ದಾರಿಯಲ್ಲೇ ತಿರುಗಿ ಬರುತ್ತ, ಬಿಟ್ಟ ಜಾಗಗಳನ್ನು ತುಂಬಿದಾಗಲೇ ಗೆರೆ ಪೂರ್ತಿ. ಗಂಟು ಹಾಕುವಂತಿಲ್ಲ.

ಮನೆಗೆ ತಂದು ಸ್ವಿಚ್ ಒತ್ತಿದಾಗ ಹಸಿರು ಗುಡ್ಡ, ನೀಲಿ ಆಕಾಶ, ಆ ಹಳೆಯ ರಾಗ. ಮೌಸಿನ ಹೊಟ್ಟೆಯ ಗುಂಡು ತೆಗೆದು ಧೂಳು ಕೆರೆಯುತ್ತಿದ್ದ ಸಂಜೆಗಳು, ಕಂಪ್ಯೂಟರಿಗೆ ವಿಮಲಾ ಹೊಲಿದ ಕುಲಾವಿಯಂಥ ಮುಸುಕು, ಕುರ್ಚಿಗಾಗಿ ನನ್ನೊಡನೆ ಜಗಳವಾಡುತ್ತಿದ್ದ ಎರಡು ಜಡೆಯ ಗಂಗಾ, ಎಲ್ಲ ಆ ಗುಡ್ಡದ ಹಿಂದಿನಿಂದ ಬಂದಂತಾಯಿತು. ವಿಮಲಾ ಫೈಲು ಒತ್ತಿದಳು. ಕಳಶದಿಂದ ಶುರುವಾಗಿ ಗೋಪುರ ಮೆಲ್ಲಗೆ ಕೆಳಗಿಳಿಯಿತು. ಅವಳು ಚೌಕುಳಿಗಳ ಮೇಲೆ ಬೆರಳಾಡಿಸಿ, "ಬಂದ್ಲ್ರೀ," ಎಂದಳು. ನಾನು ಕನ್ನಡಕ ಒರೆಸುವ ನೆಪ ಮಾಡಿದೆ.

ಅಂದಿನಿಂದ ಪರದೆಯ ಮುಂದೆಯೇ ಕೂತು ಹೊಲಿದಳು. ಪಟಾನ್‌ಚೆರುವಿನ ಮಗಳ ಮನೆಯಲ್ಲಿ ಕುಬಸವಾಯಿತು. ಆರತಿ ಮುಗಿಯುತ್ತಲೇ ಬೀಗರ ಕಡೆಯ ಹಿರಿಯಾಕೆಯೊಬ್ಬರು ಗಂಗಾಳ ಸೆರಗನ್ನು ಸರಕ್ಕನೆ ತಿರುವಿದರು. ಕಸೂತಿ ಬಲ್ಲವರು ಮೊದಲು ನೋಡುವುದು ಬಟ್ಟೆಯ ಬೆನ್ನನ್ನೇ.

"ಗಂಟಿಲ್ಲ ಬಿಡವಾ," ಎಂದರು ಅವರು. "ಹಿಂದೂ ಮುಂದೂ ಒಂದ ಐತಿ. ಯಾರು ಕಲಿಸಿದ್ರು?"

"ನಮ್ಮವ್ವ," ಎಂದಳು ವಿಮಲಾ.

ಕಂಪ್ಯೂಟರಿನ ಹೆಸರು ಅಲ್ಲಿ ಬರಲಿಲ್ಲ, ಬರದಿದ್ದುದೇ ಒಳ್ಳೆಯದಾಯಿತು. ಅದರ ಬೆನ್ನ ತುಂಬ ವೈರುಗಳು ಗಂಟುಗಂಟು. ಯಾರೂ ತಿರುವಿ ನೋಡದಿರಲೆಂದು ಗೋಡೆಗೆ ಒತ್ತಿ ಇಟ್ಟಿದ್ದೇನೆ.