ಮಣ್ಣಿಗೆ ಕೆನ್ನೆ ಹಚ್ಚುತ್ತಿದ್ದ ಉಸ್ತಾದರು

ನಮ್ಮ ಉಸ್ತಾದರ ಎಡಗೆನ್ನೆಗೆ ಯಾವಾಗಲೂ ಕೆಮ್ಮಣ್ಣು ಮೆತ್ತಿರುತ್ತಿತ್ತು. ಕುಸ್ತಿಯಲ್ಲಿ ಬಿದ್ದು ಮೆತ್ತಿಸಿಕೊಂಡದ್ದಲ್ಲ. ನಾವು ಕೂತು ಏಳುವ ಬೈಠಕ್ ಹೊಡೆದು ಪಕ್ಕಕ್ಕೆ ಸರಿದ ಕೂಡಲೇ ಅಖಾಡದ ಮೆತ್ತನೆಯ ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ, ನಮ್ಮ ಪಾದದ ಗುರುತು ನೋಡುತ್ತಿದ್ದರು. ಒಳಅಂಚು ಆಳವಾಗಿ ಕುಸಿದಿದ್ದರೆ ಏಳುವಾಗ ಮೊಣಕಾಲು ಒಳಕ್ಕೆ ವಾಲಿದೆ ಎಂದರ್ಥ. ಹಿಮ್ಮಡಿಯ ಗುರುತು ತೆಳುವಾಗಿದ್ದರೆ ಮೈಭಾರ ಮುಂದಕ್ಕೆ ಬಿದ್ದಿದೆ.

"ನೀ ಸುಳ್ಳ ಹೇಳ್ತಿ. ಮಣ್ಣು ಹೇಳಂಗಿಲ್ಲ," ಎಂದು ಎದ್ದು ಕೂರುತ್ತಿದ್ದರು.

ಅದು ನಿಜಾಮರ ಕಾಲ. ಕಮಲಾಪುರದ ನಮ್ಮ ತಾಲೀಮು ಎಂದರೆ ಮಣ್ಣಿನ ಗೋಡೆಯ ಒಂದೇ ಕೋಣೆ. ಬೇರೆ ತಾಲೀಮುಗಳಲ್ಲಿ ಹುಡುಗರು ನೂರಾರು ಬೈಠಕ್ ಎಣಿಸಿ ಎದೆಯುಬ್ಬಿಸುತ್ತಿದ್ದರೆ, ನಮ್ಮಲ್ಲಿ ಎಣಿಸಿದವನಿಗೆ ಬೈಗುಳ. "ಯಾರಲೇ ಅವ ಎಣಸಾಕತ್ತಾನ? ಸಂತ್ಯಾಗ ಬಾಳೆಹಣ್ಣು ಮಾರಾಕತ್ತೀ ಏನ್? ಬಾವ್ಯಾಗ ಕೊಡ ಇಳಿಸಿದಂಗ ಇಳಿ, ಧೊಪ್ಪಂತ ಬೀಳಬ್ಯಾಡ. ಮೊಣಕಾಲು ಬೆರಳಿನ ಕಡೆ ಇರ್ಲಿ. ಬೆನ್ನು ನೆಟ್ಟಗ. ಏಳುವಾಗ ಉಸುರು ಬಿಡು." ತಿಂಗಳುಗಟ್ಟಲೆ ಇದೇ ಪಾಠ. ಕುಸ್ತಿ ಕಲಿಯಲು ಬಂದು ಕೂತು ಏಳುವುದೇ ಆಯಿತಲ್ಲಪ್ಪಾ ಎಂದು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ನಾಗರಪಂಚಮಿಗೆ ಕಲಬುರಗಿಯ ಸ್ಟೇಶನ್ ಬಜಾರದ ತಾಲೀಮಿನವರು ನಮ್ಮೂರಿಗೆ ಬಂದು ಪಂದ್ಯ ಕಟ್ಟಿದರು. ಇಬ್ಬರು ಎದುರುಬದುರು ನಿಂತು ಬೈಠಕ್ ಹೊಡೆಯಬೇಕು, ಮೊದಲು ನಿಲ್ಲಿಸಿದವನು ಸೋತ. ಉಸ್ತಾದರು ಒಲ್ಲೆ ಎಂದರು. ಹಿರಿಯರು ಊರ ಮರ್ಯಾದೆಯ ಮಾತೆತ್ತಿದ ಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದರು. ನಮ್ಮ ಕಡೆಯಿಂದ ನಾನು ನಿಂತೆ. ಎದುರಿಗೆ ನಿಂತವನು ಸ್ಟೇಶನ್‌ನಲ್ಲಿ ಹಮಾಲಿ ಮಾಡುವವನು, ನನ್ನದೇ ವಯಸ್ಸು, ನಗುಮುಖದವನು.

ಹಲಗೆವಾದ್ಯದ ಬಡಿತಕ್ಕೆ ಬಹಳ ಹೊತ್ತು ಇಳಿದೆವು, ಎದ್ದೆವು. ತೊಡೆ ನಡುಗತೊಡಗಿದಾಗ ಉಸ್ತಾದರು ಜನರ ಕಾಲ ಸಂದಿಯಲ್ಲಿ ತೂರಿ ಬಂದು ಮಣ್ಣಿಗೆ ಕೆನ್ನೆ ಹಚ್ಚಿದರು. ಜನ ಗೊಳ್ಳೆಂದು ನಕ್ಕರು. ಅವರು ನನ್ನ ಪಾದ ನೋಡಿದರು, ಅವನ ಪಾದವನ್ನೂ ನೋಡಿದರು. ಇಬ್ಬರದೂ ಒಳಅಂಚು ಕುಸಿದಿತ್ತು. ಎದ್ದವರೇ ನನ್ನ ಕಂಕುಳಿಗೆ ಕೈ ಹಾಕಿ ಮೇಲೆತ್ತಿದರು. "ಸಾಕು. ನಾವು ಸೋತೀವಿ."

ಗೆದ್ದವನು ಹೆಗಲ ಮೇಲೆ ಒಬ್ಬನನ್ನು ಕೂರಿಸಿಕೊಂಡು ವಿಜಯದ ಬೈಠಕ್ ಹೊಡೆಯುವುದು ಪದ್ಧತಿ. ಉಸ್ತಾದರು ತಡೆಯಲು ಕೈ ಚಾಚಿ ಅವನ ಕಡೆ ಹೊರಟರು. ಅವನ ಗುರು ಅಡ್ಡ ಬಂದ. "ನನ್ನ ಚೇಲಾನ ಮೈ ಮುಟ್ಟಬ್ಯಾಡ್ರಿ." ಇನ್ನೊಬ್ಬರ ಶಿಷ್ಯನಿಗೆ ಕೈ ಹಚ್ಚುವುದು ಅಖಾಡದಲ್ಲಿ ಅವಮಾನದ ಮಾತು. ಉಸ್ತಾದರು ಕೈ ಹಿಂದೆ ತೆಗೆದುಕೊಂಡರು. ಹುಡುಗ ಭಾರ ಹೊತ್ತು ಇಳಿದ, ಏಳುವಾಗ ಮೊಣಕಾಲು ಲಟಕ್ಕೆಂದಿತು. ಅವನು ಮತ್ತೆಂದೂ ಮೂಟೆ ಹೊರಲಿಲ್ಲ.

ಸೋತ ತಾಲೀಮೆಂದು ಊರು ಕೆಲವು ದಿನ ಆಡಿಕೊಂಡು ಮರೆಯಿತು. ಉಸ್ತಾದರು ಮರೆಯಲಿಲ್ಲ. ಆ ಹುಡುಗನನ್ನು ನೋಡಿ ಬರುತ್ತೇನೆಂದು ಕಲಬುರಗಿಗೆ ಹೊರಟು, ಅರ್ಧ ದಾರಿಯ ಮಹಾಗಾಂವದವರೆಗೆ ಹೋಗಿ, ಯಾವ ಮುಖ ತೋರಿಸಲಿ ಎಂದು ತಿರುಗಿ ಬರುತ್ತಿದ್ದರು.

"ಪದ್ಧತಿ ಹಂಗ ಇತ್ತಲ್ರೀ ಉಸ್ತಾದರೇ," ಎಂದು ನಾನೆಷ್ಟು ಸಮಾಧಾನ ಹೇಳಿದರೂ ಕೇಳುತ್ತಿರಲಿಲ್ಲ. "ಪದ್ಧತಿ ಏನ್ ಮೂಟಿ ಹೊತ್ತು ಹೊಟ್ಟಿ ತುಂಬಿಸ್ಕೋತದೇನೋ? ಆ ಹುಡುಗ ತುಂಬಿಸ್ಕೋತಿದ್ದ. ನಿನ್ನ ಎಬ್ಬಿಸಿದೆ, ಅವನ್ನ ಯಾಕ ಬಿಟ್ಟೆ?" ಹಾಸಿಗೆ ಹಿಡಿದ ಮೇಲೂ ಇದೇ ಮಾತು.

ಅವರು ತೀರಿಕೊಂಡ ಮರುದಿನ ಆ ಹಮಾಲಿ ಕೋಲೂರಿಕೊಂಡು ಬಂದ. ಅಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದೆವು. ಉಸ್ತಾದರು ಎಷ್ಟು ನೊಂದಿದ್ದರೆಂದು ಅವನಿಗೆ ಹೇಳಿದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡ.

"ಅಯ್ಯೋ, ಅವತ್ತು ಅವ್ರು ನನ್ನ ಕಡಿ ಬರೋದು ನಾ ನೋಡಿದ್ದೆರೀ. ಅವ್ರನ್ನ ತಡೀರಿ, ಇಲ್ಲಾಂದ್ರ ನನ್ನ ನಿಲ್ಲಸ್ತಾರಂತ ನಮ್ಮ ಗುರುಗಳ ಕಿವ್ಯಾಗ ನಾನೇ ಹೇಳಿದ್ದೆ. ಅವ್ರದೇನ್ ತಪ್ಪು?"

ಇಷ್ಟು ವಯಸ್ಸಾದರೂ ನನ್ನ ಮೊಣಕಾಲು ಒಂದು ದಿನವೂ ನೊಂದಿಲ್ಲ, ಅದು ಉಸ್ತಾದರ ಋಣ. ಆದರೆ ಅವನಾಡಿದ ಆ ಮಾತು ಎರಡೇ ಎರಡು ದಿನ ಮೊದಲು ಕಮಲಾಪುರ ಮುಟ್ಟಿದ್ದರೆ ಆ ಜೀವ ಹಗುರಾಗಿ ಹೋಗುತ್ತಿತ್ತು.